ವಿಂಡೋಸ್‌ನ ಹಳೆಯ ಆವೃತ್ತಿಗಳು: ವರ್ತಕರ ದೃಷ್ಟಿಯಿಂದ ಒಂದು ತುಲನೆ

ಯಂತ್ರೋಪಕರಣಗಳನ್ನು ಅವು ಕೆಲಸ ಮಾಡುವಷ್ಟು ಕಾಲ ಬಳಸುವುದು ವ್ಯಾಪಾರಸ್ಥರ ವಾಡಿಕೆ. ಎಣ್ಣೆ ಮಿಲ್ಲಿನ ಮೋಟಾರು ಇಪ್ಪತ್ತು ವರ್ಷ ತಿರುಗಿತೆಂದು ಯಾರೂ ಅದನ್ನು ಬಿಸಾಡುವುದಿಲ್ಲ. ಬೇರಿಂಗ್ ಬದಲಿಸಿ, ವೈಂಡಿಂಗ್ ಮಾಡಿಸಿ ಪುನಃ ಬಳಸುತ್ತಾರೆ. ತೂಕದ ಯಂತ್ರಕ್ಕೆ ಕಾಲಕಾಲಕ್ಕೆ ಮುದ್ರೆ ಹಾಕಿಸಿದರೆ ಸಾಕು. ಇದೇ ನ್ಯಾಯವನ್ನು ನಮ್ಮ ವರ್ತಕ ಬಾಂಧವರು ಅಂಗಡಿಯ ಗಣಕಯಂತ್ರಕ್ಕೂ ಅನ್ವಯಿಸುತ್ತ ಬಂದಿದ್ದಾರೆ. ಬಿಲ್ಲು ಬರುತ್ತಿದೆ, ಲೆಕ್ಕ ತಾಳೆಯಾಗುತ್ತಿದೆ. ಹಾಗಿರುವಾಗ ಬದಲಾವಣೆ ಏಕೆ ಎಂಬುದು ಅವರ ಪ್ರಶ್ನೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಆವೃತ್ತಿಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆಗಿನಿಂದ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪಟ್ಟಣಗಳಲ್ಲಿ ಮಾತ್ರವಲ್ಲದೆ, ಗೌಡಗೆರೆಯಂತಹ ಹೋಬಳಿ ಕೇಂದ್ರದಲ್ಲಿ ಕಡಲೆಕಾಯಿ, ಹುಣಸೆಹಣ್ಣು, ಗೊಬ್ಬರ ಅಥವಾ ಕಬ್ಬಿಣದ ಸಾಮಾನಿನ ವ್ಯಾಪಾರ ನಡೆಸುವವರಿಗೂ ಇದು ನೇರವಾಗಿ ಸಂಬಂಧಿಸಿದ ವಿಷಯ. ಆದ್ದರಿಂದ ಕಳೆದ ಮೂರು ದಶಕಗಳ ವಿಂಡೋಸ್ ಆವೃತ್ತಿಗಳನ್ನು ವ್ಯಾಪಾರದ ಅಗತ್ಯಗಳ ದೃಷ್ಟಿಯಿಂದ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳಿತು. ಮೋಟಾರನ್ನು ಅಳೆಯುವ ಮಾನದಂಡದಿಂದ ಗಣಕಯಂತ್ರವನ್ನು ಅಳೆಯಲಾಗದು. ಮೋಟಾರು ಹೊರಗಿನವರೊಡನೆ ವ್ಯವಹರಿಸುವುದಿಲ್ಲ; ಅಂತರಜಾಲಕ್ಕೆ ಸೇರಿದ ಗಣಕಯಂತ್ರ ಪ್ರತಿಕ್ಷಣವೂ ವ್ಯವಹರಿಸುತ್ತದೆ. ಒಂದು ಆವೃತ್ತಿ ಹಳೆಯದೇ ಎಂಬುದಕ್ಕಿಂತ, ಆ ಹಳೆಯ ಆವೃತ್ತಿ ಯಾವ ಕೆಲಸಕ್ಕೆ ನಿಯುಕ್ತವಾಗಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಕಾರ್ಯಾಚರಣಾ ವ್ಯವಸ್ಥೆ ಎಂದರೇನು?

ಆಪರೇಟಿಂಗ್ ಸಿಸ್ಟಂ ಎಂದು ಕರೆಯಲಾಗುವ ಕಾರ್ಯಾಚರಣಾ ವ್ಯವಸ್ಥೆಯನ್ನು ದೊಡ್ಡ ಮಂಡಿಯೊಂದರ ಪಾರುಪತ್ಯಗಾರನಿಗೆ ಹೋಲಿಸಬಹುದು. ಉಗ್ರಾಣದ ಬೀಗದ ಕೈ ಅವನಲ್ಲಿರುತ್ತದೆ. ಯಾವ ಮೂಟೆ ಎಲ್ಲಿದೆ ಎಂಬ ಪಟ್ಟಿಯೂ ಅವನದೇ. ಗುಮಾಸ್ತರಿಗೆ ಮೇಜು ಒದಗಿಸುವವನು, ಬಾಗಿಲಿಗೆ ಬಂದವರನ್ನು ವಿಚಾರಿಸಿ ಒಳಗೆ ಬಿಡುವವನು ಅವನೇ. ಲೆಕ್ಕ ಬರೆಯುವ ಟ್ಯಾಲಿ, ಪತ್ರ ಬರೆಯುವ ವರ್ಡ್, ಅಂತರಜಾಲ ತೋರಿಸುವ ಬ್ರೌಸರ್ ಇವೆಲ್ಲ ಗುಮಾಸ್ತರಿದ್ದಂತೆ. ಗುಮಾಸ್ತ ಎಷ್ಟೇ ಜಾಣನಾದರೂ ಪಾರುಪತ್ಯಗಾರ ಅಸಮರ್ಥನಾದರೆ ಮಂಡಿಯ ಸರಕು ಉಳಿಯದು.

ಆದ್ದರಿಂದ ಪ್ರತಿಯೊಂದು ಆವೃತ್ತಿಯನ್ನೂ ಐದು ಪ್ರಶ್ನೆಗಳಿಂದ ಪರೀಕ್ಷಿಸಬೇಕಾಗುತ್ತದೆ. ಹಠಾತ್ತನೆ ವಿದ್ಯುತ್ ಹೋದರೆ ಲೆಕ್ಕ ಉಳಿಯುತ್ತದೆಯೆ? ಅನ್ಯರು ಲೆಕ್ಕ ನೋಡದಂತೆ ಬೀಗವಿದೆಯೆ? ಕನ್ನಡದಲ್ಲಿ ವ್ಯವಹರಿಸಲು ಸಾಧ್ಯವೆ? ಈಗಾಗಲೇ ಇರುವ ತಂತ್ರಾಂಶ ಮತ್ತು ಪ್ರಿಂಟರುಗಳು ನಡೆಯುತ್ತವೆಯೆ? ತೆರಿಗೆ ಇಲಾಖೆಯ ಜಾಲತಾಣದೊಡನೆ ಸುರಕ್ಷಿತವಾಗಿ ವ್ಯವಹರಿಸುತ್ತದೆಯೆ?

ಡಾಸ್ ಮೂಲದ ಆವೃತ್ತಿಗಳು: 95, 98, ಎಂಇ

ವಿಂಡೋಸ್‌ಗೆ ಎರಡು ವಂಶಗಳಿವೆ. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95, 1998ರ ಜೂನ್‌ನಲ್ಲಿ ಬಂದ ವಿಂಡೋಸ್ 98 ಹಾಗೂ 2000ದ ಸೆಪ್ಟೆಂಬರ್‌ನಲ್ಲಿ ಬಂದ ವಿಂಡೋಸ್ ಎಂಇ ಹಳೆಯ ಡಾಸ್ ವ್ಯವಸ್ಥೆಯ ಅಡಿಪಾಯದ ಮೇಲೆ ಕಟ್ಟಿದವು. ಇವುಗಳ ಪೈಕಿ ವಿಂಡೋಸ್ 98 ನಮ್ಮ ಕಡೆಯ ಕಚೇರಿಗಳಲ್ಲಿ ಬಹುಕಾಲ ನೆಲೆನಿಂತಿತು. ಅದಕ್ಕೆ ಕಾರಣಗಳಿದ್ದವು. ಅದು ಕೇಳುತ್ತಿದ್ದ ಕನಿಷ್ಠ ಸ್ಮೃತಿ ಕೇವಲ 16 ಎಂ.ಬಿ. ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಬರೆಸಿದ ಲೆಕ್ಕದ ತಂತ್ರಾಂಶಗಳು ಅದರಲ್ಲಿ ಯಾವ ಅಡಚಣೆಯೂ ಇಲ್ಲದೆ ನಡೆಯುತ್ತಿದ್ದವು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬಿಲ್ಲನ್ನು ನೇರವಾಗಿ ಕಳುಹಿಸಬಹುದಾಗಿತ್ತು.

ದೋಷಗಳೂ ಅಡಿಪಾಯದಲ್ಲಿಯೇ ಇದ್ದವು. ಒಂದು ತಂತ್ರಾಂಶ ತಪ್ಪಿ ನಡೆದರೆ ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ಪರದೆಯೆಲ್ಲ ನೀಲಿಯಾಗಿ, ಬರೆಯುತ್ತಿದ್ದ ಲೆಕ್ಕ ಕಳೆದುಹೋಗುತ್ತಿತ್ತು. ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ಕೇಳುವ ಪೆಟ್ಟಿಗೆಯೇನೋ ಇತ್ತು. ಆದರೆ ಸಾಮಾನ್ಯ ಜೋಡಣೆಯಲ್ಲಿ ಅದನ್ನು ರದ್ದುಗೊಳಿಸಿ ಒಳಹೋಗಬಹುದಾಗಿತ್ತು. ಅಂದರೆ ಬಾಗಿಲಿಗೆ ಬೀಗದ ಚಿತ್ರವಿತ್ತೇ ಹೊರತು ಬೀಗವಿರಲಿಲ್ಲ.

ಇನ್ನೊಂದು ದೋಷ ನಮ್ಮ ಭಾಗಕ್ಕೆ ವಿಶೇಷವಾಗಿ ತಟ್ಟಿತು. ಈ ಆವೃತ್ತಿಗಳು ಕಡತಗಳ ಪಟ್ಟಿಯನ್ನು ಫ್ಯಾಟ್ ಎಂಬ ಸರಳ ಪದ್ಧತಿಯಲ್ಲಿ ಇಡುತ್ತಿದ್ದವು. ಕಡತ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ, ಯಾವ ಭಾಗ ಬರೆದಾಯಿತು, ಯಾವುದು ಉಳಿಯಿತು ಎಂಬುದಕ್ಕೆ ದಾಖಲೆಯೇ ಇರುತ್ತಿರಲಿಲ್ಲ. ಮತ್ತೆ ಚಾಲೂ ಮಾಡಿದಾಗ ಸ್ಕ್ಯಾನ್‌ಡಿಸ್ಕ್ ಎಂಬ ಉಪಾಂಗ ಡಿಸ್ಕನ್ನೆಲ್ಲ ಜಾಲಾಡಿ, ಅನಾಥ ತುಣುಕುಗಳನ್ನು ಹುಡುಕಿ ಒಟ್ಟುಗೂಡಿಸುತ್ತಿತ್ತು. ಯು.ಪಿ.ಎಸ್. ಇಲ್ಲದ ಅಂಗಡಿಯಲ್ಲಿ ವಿದ್ಯುತ್ ಕಡಿತ ಪದೇ ಪದೇ ಆದರೆ ಲೆಕ್ಕದ ಕಡತ ಕೆಡುವ ಸಂಭವ ಹೆಚ್ಚುತ್ತಿತ್ತು. ವಿಂಡೋಸ್ ಎಂಇ ಈ ಕೊರತೆಗಳನ್ನು ನೀಗಲಿಲ್ಲ. ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸೌಲಭ್ಯವನ್ನು ಅದು ತಂದಿತಾದರೂ, ಶುದ್ಧ ಡಾಸ್ ಸ್ಥಿತಿಗೆ ಹೋಗುವ ದಾರಿಯನ್ನು ಮುಚ್ಚಿದ್ದರಿಂದ ಹಳೆಯ ತಂತ್ರಾಂಶ ಬಳಸುವವರಿಗೆ ಅನನುಕೂಲವೇ ಆಯಿತು.

ಎನ್‌ಟಿ ಮೂಲದ ಆವೃತ್ತಿಗಳು: 2000 ಮತ್ತು ಎಕ್ಸ್‌ಪಿ

ಎರಡನೆಯ ವಂಶ ಎನ್‌ಟಿಯದು. ಇದು ಡಾಸ್ ಅಡಿಪಾಯವನ್ನು ಕೈಬಿಟ್ಟು ಮೊದಲಿನಿಂದ ಕಟ್ಟಿದ ವ್ಯವಸ್ಥೆ. 2000ದ ಫೆಬ್ರವರಿಯಲ್ಲಿ ಹೊರಬಂದ ವಿಂಡೋಸ್ 2000 ಈ ವಂಶದ್ದೇ. ಆದರೆ ಅದು ಮುಖ್ಯವಾಗಿ ದೊಡ್ಡ ಕಚೇರಿಗಳಿಗಾಗಿ ರೂಪಿತವಾಗಿತ್ತು. 2001ರ ಅಕ್ಟೋಬರ್ 25ರಂದು ಬಂದ ಎಕ್ಸ್‌ಪಿ, ಮನೆಯ ಬಳಕೆ ಮತ್ತು ಕಚೇರಿಯ ಬಳಕೆ ಎರಡನ್ನೂ ಈ ಭದ್ರ ಅಡಿಪಾಯದ ಮೇಲೆ ತಂದಿತು.

ಇದರಿಂದ ವರ್ತಕರಿಗಾದ ಲಾಭ ಮೂರು ಬಗೆಯದು. ಒಂದು, ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಕೊಠಡಿ ದೊರೆತಂತಾಗಿ, ಒಂದರ ದೋಷ ಇನ್ನೊಂದಕ್ಕೆ ಹರಡುವುದು ಬಹುಮಟ್ಟಿಗೆ ತಪ್ಪಿತು. ಎರಡು, ಮಾಲೀಕರಿಗೊಂದು, ಗುಮಾಸ್ತರಿಗೊಂದು ಖಾತೆ ತೆರೆದು ನಿಜವಾದ ಗುಪ್ತಪದ ಇರಿಸಲು ಸಾಧ್ಯವಾಯಿತು. ಮೂರು, ಎನ್‌ಟಿಎಫ್‌ಎಸ್ ಎಂಬ ಕಡತ ಪದ್ಧತಿ. ಇದು ಪ್ರತಿ ಬದಲಾವಣೆಯನ್ನೂ ಮಾಡುವ ಮುನ್ನ ಅದನ್ನು ಒಂದು ಕಿರ್ದಿಯಲ್ಲಿ ಬರೆದುಕೊಳ್ಳುತ್ತದೆ. ವಿದ್ಯುತ್ ಹೋಗಿ ಬಂದಾಗ ಆ ಕಿರ್ದಿಯನ್ನು ಓದಿ, ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ಣಗೊಳಿಸುತ್ತದೆ ಅಥವಾ ರದ್ದುಗೊಳಿಸುತ್ತದೆ. ಕಿರ್ದಿ ನೋಡಿ ಖಾತೆ ಸರಿಪಡಿಸುವ ನಮ್ಮ ಹಿರಿಯರ ಕ್ರಮವೇ ಇದು. ಆದರೆ ಇದು ಕಡತಗಳ ಪಟ್ಟಿಯನ್ನು ಕಾಪಾಡುತ್ತದೆಯೇ ವಿನಾ, ಅದೇ ಕ್ಷಣದಲ್ಲಿ ಬೆರಳಚ್ಚಿಸುತ್ತಿದ್ದ ನಮೂದನ್ನಲ್ಲ. ಆದ್ದರಿಂದ ಯು.ಪಿ.ಎಸ್. ಅಗತ್ಯ ಎಂದಿಗೂ ತಪ್ಪದು.

ಎಕ್ಸ್‌ಪಿಯ ಮೂಲರೂಪ ಭದ್ರತೆಯಲ್ಲಿ ಸಡಿಲವಾಗಿಯೇ ಇತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಕೀಟ ತಂತ್ರಾಂಶ ಜಗತ್ತಿನಾದ್ಯಂತ ಎಕ್ಸ್‌ಪಿ ಹಾಗೂ 2000 ಯಂತ್ರಗಳನ್ನು ಬಾಧಿಸಿತು. 2004ರ ಆಗಸ್ಟ್‌ನಲ್ಲಿ ಬಂದ ಎರಡನೇ ಸೇವಾ ಪರಿಷ್ಕರಣೆಯು ಫೈರ್‌ವಾಲ್ ಎಂಬ ತಡೆಗೋಡೆಯನ್ನು ತಾನಾಗಿಯೇ ಚಾಲನೆಯಲ್ಲಿಡುವಂತೆ ಮಾಡಿದ ಬಳಿಕವಷ್ಟೇ ಎಕ್ಸ್‌ಪಿ ನಂಬಿಕೆಗೆ ಅರ್ಹವಾಯಿತು. ಮರುವರ್ಷ, 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. ಆ ಲೆಕ್ಕಕ್ಕಾಗಿ ಟ್ಯಾಲಿ 7.2 ಕೊಂಡ ಅನೇಕರು ಯಂತ್ರವನ್ನೂ ಎಕ್ಸ್‌ಪಿಗೆ ಬದಲಿಸಿಕೊಂಡರು.

ಕನ್ನಡದ ಪ್ರಶ್ನೆ

ವಿಂಡೋಸ್ 98ರ ಕಾಲದಲ್ಲಿ ವ್ಯವಸ್ಥೆಗೆ ಕನ್ನಡವೆಂಬ ಭಾಷೆಯೇ ತಿಳಿದಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ರೂಪಿಸಿದ ಬರಹ, ಆ ನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶಗಳು ಆ ಕೊರತೆಯನ್ನು ತುಂಬಿದವು. ಆದರೆ ಅಂದಿನ ಪದ್ಧತಿಯಲ್ಲಿ ಕಡತದೊಳಗೆ ಇರುತ್ತಿದ್ದುದು ಆಂಗ್ಲ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತಿದ್ದುದು ಅಕ್ಷರವಿನ್ಯಾಸ, ಅಂದರೆ ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಗ್ರಾಹಕರ ಹೆಸರಿನ ಪಟ್ಟಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತಿತ್ತು. ಅಕಾರಾದಿಯಾಗಿ ಜೋಡಿಸುವುದೂ ಹುಡುಕುವುದೂ ಕಷ್ಟವಾಗಿತ್ತು.

ಎಲ್ಲ ಭಾಷೆಗಳಿಗೂ ಪ್ರತ್ಯೇಕ ಸಂಕೇತ ನೀಡುವ ಯುನಿಕೋಡ್ ಪದ್ಧತಿಯಲ್ಲಿ ಹಿಂದಿ, ತಮಿಳು ಮುಂತಾದವುಗಳಿಗೆ ವಿಂಡೋಸ್ 2000ದಲ್ಲಿ ಬೆಂಬಲ ದೊರೆಯಿತು. ಕನ್ನಡ ಮತ್ತು ತೆಲುಗುಗಳ ಸರದಿ ಬಂದುದು ಎಕ್ಸ್‌ಪಿಯಲ್ಲಿ. ಅದರೊಡನೆ ಕನ್ನಡಕ್ಕೆ ತುಂಗಾ, ತೆಲುಗಿಗೆ ಗೌತಮಿ ಎಂಬ ಫಾಂಟುಗಳು ಬಂದವು. ಮೂರು ಕಡೆ ಆಂಧ್ರಪ್ರದೇಶದ ಗಡಿಯಿರುವ ಪಾವಗಡದಂತಹ ತಾಲ್ಲೂಕಿನಲ್ಲಿ, ಹಿಂದೂಪುರ, ಮಡಕಶಿರಾಗಳ ಗಿರಾಕಿಗಳೊಡನೆ ವ್ಯವಹರಿಸುವ ವರ್ತಕರಿಗೆ ಎರಡು ಭಾಷೆಗಳೂ ಒಂದೇ ಕಡತದಲ್ಲಿ ಇರಬಲ್ಲವು ಎಂಬುದು ಸಣ್ಣ ಅನುಕೂಲವೇನಲ್ಲ. ಆದರೆ ಎಕ್ಸ್‌ಪಿಯಲ್ಲಿ ಈ ಸೌಲಭ್ಯವನ್ನು ಮೂಲ ಸಿ.ಡಿ. ಹಾಕಿ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಿತ್ತು. ವಿಸ್ತಾದಿಂದ ಮುಂದಕ್ಕೆ ಅದು ವ್ಯವಸ್ಥೆಯ ಅಂಗವೇ ಆಯಿತು.

ರೂಪಾಯಿಯ ಚಿಹ್ನೆಗೂ ಇದೇ ಮಾತು ಅನ್ವಯಿಸುತ್ತದೆ. ಕೇಂದ್ರ ಸರ್ಕಾರ ₹ ಚಿಹ್ನೆಯನ್ನು ಅಂಗೀಕರಿಸಿದ್ದು 2010ರ ಜುಲೈ 15ರಂದು. ವಿಸ್ತಾ ಹಾಗೂ ವಿಂಡೋಸ್ 7ಕ್ಕೆ ಅದನ್ನು ಸೇರಿಸುವ ಪರಿಷ್ಕರಣೆ 2011ರಲ್ಲಿ ದೊರೆಯಿತು. ವಿಂಡೋಸ್ 8ರಲ್ಲಿ ಅದು ಮೊದಲಿನಿಂದಲೇ ಇದ್ದಿತು. ಹಳೆಯ ಯಂತ್ರದಲ್ಲಿ ಬಿಲ್ಲಿನ ಮೊತ್ತದ ಹಿಂದೆ ಬರಿಯ ಚೌಕ ಮೂಡುವುದಕ್ಕೆ ಕಾರಣ ಪ್ರಿಂಟರಿನ ದೋಷವಲ್ಲ, ಫಾಂಟಿನ ವಯಸ್ಸು.

ವಿಸ್ತಾ ಮತ್ತು ವಿಂಡೋಸ್ 7

2007ರ ಜನವರಿ 30ರಂದು ಸಾರ್ವಜನಿಕರಿಗೆ ಬಿಡುಗಡೆಯಾದ ವಿಸ್ತಾ, ವರ್ತಕರ ಮೆಚ್ಚುಗೆ ಗಳಿಸಲಿಲ್ಲ. 64 ಎಂ.ಬಿ. ಕನಿಷ್ಠ ಸ್ಮೃತಿಯಲ್ಲಿ ನಡೆಯುತ್ತಿದ್ದ ಎಕ್ಸ್‌ಪಿಯ ಜಾಗಕ್ಕೆ ಬಂದ ಈ ಆವೃತ್ತಿ ಕನಿಷ್ಠ 512 ಎಂ.ಬಿ. ಕೇಳಿತು, ಸಲೀಸಾಗಿ ನಡೆಯಲು ಅದಕ್ಕಿಂತಲೂ ಹೆಚ್ಚು ಬೇಕಾಗಿತ್ತು. ಹಳೆಯ ಪ್ರಿಂಟರು, ಸ್ಕ್ಯಾನರುಗಳಿಗೆ ಬೇಕಾದ ಡ್ರೈವರ್ ತಂತ್ರಾಂಶ ಅನೇಕ ಸಂದರ್ಭಗಳಲ್ಲಿ ದೊರೆಯಲಿಲ್ಲ. ಆದರೂ ಒಂದು ಮುಖ್ಯ ಸುಧಾರಣೆ ಅದರದು: ಯಾವುದೇ ತಂತ್ರಾಂಶ ವ್ಯವಸ್ಥೆಯ ಒಳಭಾಗವನ್ನು ಬದಲಿಸಲು ಯತ್ನಿಸಿದರೆ ಬಳಕೆದಾರನ ಒಪ್ಪಿಗೆ ಕೇಳುವ ಕ್ರಮ. ಪದೇ ಪದೇ ಕೇಳುವುದು ಬೇಸರವೆನಿಸಿದರೂ, ಪೆನ್ ಡ್ರೈವ್ ಮೂಲಕ ವೈರಸ್ಸುಗಳು ಅಂಗಡಿಯಿಂದ ಅಂಗಡಿಗೆ ಸಂಚರಿಸುತ್ತಿದ್ದ ಕಾಲದಲ್ಲಿ ಅದು ಅವಶ್ಯವಾಗಿತ್ತು.

2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7, ವಿಸ್ತಾದ ಭದ್ರತೆಯನ್ನು ಉಳಿಸಿಕೊಂಡು ಅದರ ಭಾರವನ್ನು ತಗ್ಗಿಸಿತು. ಅದೇ ವರ್ಷ ಟ್ಯಾಲಿ ಇಆರ್‌ಪಿ 9 ಸಹ ಮಾರುಕಟ್ಟೆಗೆ ಬಂದಿತು. 1 ಜಿ.ಬಿ. ಸ್ಮೃತಿಯ ಯಂತ್ರದಲ್ಲಿ ನಡೆಯುವ, ಕನ್ನಡ ಬಲ್ಲ, ಹಳೆಯ ಪ್ರಿಂಟರುಗಳಲ್ಲಿ ಹೆಚ್ಚಿನವನ್ನು ಒಪ್ಪಿಕೊಳ್ಳುವ ಈ ಆವೃತ್ತಿ ಸಣ್ಣ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗಲೂ ಅದು ಬೆಂಬಲದ ಅವಧಿಯೊಳಗೇ ಇತ್ತು. ಹೀಗಾಗಿ ಅದನ್ನು ಬಿಡಲು ಜನರಿಗೆ ಇಂದಿಗೂ ಮನಸ್ಸಿಲ್ಲ.

ವಿಂಡೋಸ್ 8, 10, 11 ಮತ್ತು ಹಳೆಯ ತಂತ್ರಾಂಶಗಳ ಗತಿ

2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8, ಬೆರಳಿನಿಂದ ಮುಟ್ಟುವ ಪರದೆಗಳನ್ನು ಗಮನದಲ್ಲಿಟ್ಟು ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿತು. ಮೌಸ್ ಹಿಡಿದು ಕೆಲಸ ಮಾಡುವ ಗುಮಾಸ್ತರಿಗೆ ಇದು ಹೊಂದಲಿಲ್ಲ. ಆ ಗುಂಡಿ 8.1ರಲ್ಲಿ ಮರಳಿತು; 2015ರ ಜುಲೈ 29ರ ವಿಂಡೋಸ್ 10 ಸ್ಟಾರ್ಟ್ ಮೆನುವನ್ನು ಮರಳಿ ತಂದಿತು. ವಿಂಡೋಸ್ 7 ಮತ್ತು 8.1 ಹೊಂದಿದ್ದವರಿಗೆ ಒಂದು ವರ್ಷ ಉಚಿತವಾಗಿ ದೊರೆತುದರಿಂದ ಬಹುಬೇಗ ಹರಡಿತು. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಿತು.

ಇಲ್ಲಿ ವರ್ತಕರು ತಿಳಿಯಬೇಕಾದ ತಾಂತ್ರಿಕ ಭೇದವೊಂದಿದೆ. ವಿಂಡೋಸ್ 10ರ ವರೆಗೆ 32 ಬಿಟ್ ಮತ್ತು 64 ಬಿಟ್ ಎಂಬ ಎರಡು ರೂಪಗಳು ಲಭ್ಯವಿದ್ದವು. ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು 32 ಬಿಟ್ ರೂಪದಲ್ಲಿ ನಡೆಯುತ್ತವೆ. 64 ಬಿಟ್ ರೂಪದಲ್ಲಿ ನಡೆಯುವುದಿಲ್ಲ. ವಿಂಡೋಸ್ 11 ಇರುವುದೇ 64 ಬಿಟ್ ರೂಪದಲ್ಲಿ. ಆದ್ದರಿಂದ ಫಾಕ್ಸ್‌ಪ್ರೋ ಕಾಲದ ದಾಸ್ತಾನು ಲೆಕ್ಕವನ್ನೋ ವೇಬ್ರಿಡ್ಜ್ ತಂತ್ರಾಂಶವನ್ನೋ ಇಂದಿಗೂ ನೆಚ್ಚಿರುವವರು, ಹೊಸ ಯಂತ್ರ ಕೊಂಡ ದಿನವೇ ಅದು ತೆರೆಯದಿರುವುದನ್ನು ಕಂಡು ಗಾಬರಿಗೊಳ್ಳುತ್ತಾರೆ. ಯಂತ್ರ ಕೆಟ್ಟಿಲ್ಲ, ವಂಶ ಬದಲಾಗಿದೆ. ಡಾಸ್‌ಬಾಕ್ಸ್‌ನಂತಹ ಅನುಕರಣ ತಂತ್ರಾಂಶದೊಳಗೆ ಅಂಥವನ್ನು ನಡೆಸಲು ಅನೇಕ ವೇಳೆ ಸಾಧ್ಯ. ಅದನ್ನು ಹಳೆಯ ಯಂತ್ರ ಇನ್ನೂ ಜೀವಂತವಾಗಿರುವಾಗಲೇ ಪರೀಕ್ಷಿಸಿ ನೋಡಬೇಕು.

ವಿಂಡೋಸ್ 11 ಕೇಳುವ ಅರ್ಹತೆಗಳೂ ಕಠಿಣ: ಕನಿಷ್ಠ 4 ಜಿ.ಬಿ. ಸ್ಮೃತಿ, 64 ಜಿ.ಬಿ. ಡಿಸ್ಕ್ ಸ್ಥಳ, ಟಿಪಿಎಂ 2.0 ಎಂಬ ಭದ್ರತಾ ಘಟಕ, ಮತ್ತು ಇಂಟೆಲ್ ಆದರೆ ಬಹುತೇಕ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್. ಆ ಪೀಳಿಗೆ ಮಾರುಕಟ್ಟೆಗೆ ಬಂದುದು 2017ರಲ್ಲಿ. ಅದಕ್ಕೂ ಹಿಂದೆ ಕೊಂಡ ಯಂತ್ರ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅಧಿಕೃತವಾಗಿ ವಿಂಡೋಸ್ 11ಕ್ಕೆ ಅರ್ಹವಾಗುವುದಿಲ್ಲ.

ಬೆಂಬಲದ ಮುಕ್ತಾಯ ಎಂದರೇನು?

ವಿವಿಧ ಆವೃತ್ತಿಗಳ ಬಿಡುಗಡೆ ಮತ್ತು ಸಾಮಾನ್ಯ ಬೆಂಬಲದ ಮುಕ್ತಾಯದ ವಿವರ ಹೀಗಿದೆ:

ವಿಂಡೋಸ್ 98: ಜೂನ್ 1998 – 11 ಜುಲೈ 2006
ವಿಂಡೋಸ್ 2000: ಫೆಬ್ರವರಿ 2000 – 13 ಜುಲೈ 2010
ವಿಂಡೋಸ್ ಎಂಇ: ಸೆಪ್ಟೆಂಬರ್ 2000 – 11 ಜುಲೈ 2006
ವಿಂಡೋಸ್ ಎಕ್ಸ್‌ಪಿ: ಅಕ್ಟೋಬರ್ 2001 – 8 ಏಪ್ರಿಲ್ 2014
ವಿಂಡೋಸ್ ವಿಸ್ತಾ: ಜನವರಿ 2007 – 11 ಏಪ್ರಿಲ್ 2017
ವಿಂಡೋಸ್ 7: ಅಕ್ಟೋಬರ್ 2009 – 14 ಜನವರಿ 2020
ವಿಂಡೋಸ್ 8: ಅಕ್ಟೋಬರ್ 2012 – 12 ಜನವರಿ 2016
ವಿಂಡೋಸ್ 8.1: ಅಕ್ಟೋಬರ್ 2013 – 10 ಜನವರಿ 2023
ವಿಂಡೋಸ್ 10: ಜುಲೈ 2015 – 14 ಅಕ್ಟೋಬರ್ 2025

ಬೆಂಬಲ ಮುಗಿದ ಮರುದಿನ ಯಂತ್ರ ನಿಂತುಹೋಗುವುದಿಲ್ಲ. ಆದ್ದರಿಂದಲೇ ಅದರ ಅರ್ಥ ನಮಗೆ ಬೇಗನೆ ತಟ್ಟುವುದಿಲ್ಲ. ಯಾವ ಕಾರ್ಯಾಚರಣಾ ವ್ಯವಸ್ಥೆಯೂ ದೋಷರಹಿತವಲ್ಲ. ಹೊಸ ಬಿರುಕುಗಳು ಸದಾ ಪತ್ತೆಯಾಗುತ್ತಿರುತ್ತವೆ. ಬೆಂಬಲವಿರುವವರೆಗೆ ತಯಾರಕರು ಅವುಗಳನ್ನು ಪ್ರತಿ ತಿಂಗಳೂ ಮುಚ್ಚುತ್ತಿರುತ್ತಾರೆ. ಬೆಂಬಲ ಮುಗಿದ ಮೇಲೆ ಬಿರುಕು ಪತ್ತೆಯಾಗುವುದು ನಿಲ್ಲುವುದಿಲ್ಲ, ಮುಚ್ಚುವುದು ಮಾತ್ರ ನಿಲ್ಲುತ್ತದೆ.

2017ರ ಮೇ 12ರಂದು ಹರಡಿದ ವಾನಾಕ್ರೈ ಇದಕ್ಕೆ ತಕ್ಕ ನಿದರ್ಶನ. ಅದು ಕಡತಗಳನ್ನೆಲ್ಲ ಬಿಡಿಸಲಾಗದ ಸಂಕೇತಕ್ಕೆ ಪರಿವರ್ತಿಸಿ, ಮರಳಿ ಕೊಡಲು ಬಿಟ್‌ಕಾಯಿನ್ ರೂಪದಲ್ಲಿ ಮೊದಲಿಗೆ 300 ಡಾಲರ್ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಯಂತ್ರಗಳವರೆಗೆ ಅದರ ಹಾವಳಿ ಮುಟ್ಟಿತು. ಗಮನಿಸಬೇಕಾದ ಅಂಶವೆಂದರೆ, ತೊಂದರೆಗೀಡಾದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7 ಹೊಂದಿದ್ದವು. ಆ ಆವೃತ್ತಿಗೆ ಅಂದು ಬೆಂಬಲವಿತ್ತು. ಬಿರುಕು ಮುಚ್ಚುವ ಪರಿಷ್ಕರಣೆ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಹೊರಬಂದಿತ್ತು. ಅದನ್ನು ಅಳವಡಿಸಿಕೊಂಡಿರಲಿಲ್ಲ, ಅಷ್ಟೆ. ಹೊಸ ಆವೃತ್ತಿ ಕೊಂಡು ಪರಿಷ್ಕರಣೆಯನ್ನು ನಿಲ್ಲಿಸಿಬಿಡುವವರಿಗೂ ಇದರಲ್ಲಿ ಪಾಠವಿದೆ.

ವಾನಾಕ್ರೈ ಒಳನುಗ್ಗಿದ್ದು ಯಂತ್ರಗಳು ಪರಸ್ಪರ ಕಡತ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಒಂದನೇ ಆವೃತ್ತಿ ಎಂಬ ಹಳೆಯ ಪದ್ಧತಿಯ ಬಿರುಕಿನ ಮೂಲಕ. ಎಕ್ಸ್‌ಪಿಗೆ ಗೊತ್ತಿರುವುದು ಆ ಪದ್ಧತಿ ಮಾತ್ರ. ವಿಂಡೋಸ್ 10ರಲ್ಲಿ 2017ರ ಕೊನೆಯಿಂದ ಅದನ್ನು ಅಳವಡಿಸುವುದನ್ನೇ ಕೈಬಿಡಲಾಯಿತು. ಹೊಸ ಯಂತ್ರದಿಂದ ಹಳೆಯ ಎಕ್ಸ್‌ಪಿ ಯಂತ್ರದ ಟ್ಯಾಲಿ ದತ್ತಾಂಶ ಅಥವಾ ಪ್ರಿಂಟರು ಕಾಣಿಸದಿರಲು ಸಾಮಾನ್ಯವಾಗಿ ಇದೇ ಕಾರಣ. ಆಗ ಹೊಸ ಯಂತ್ರದಲ್ಲಿ ಆ ಹಳೆಯ ಪದ್ಧತಿಯನ್ನು ಮತ್ತೆ ಚಾಲೂ ಮಾಡಿಸುವುದು ಸುಲಭವಾದರೂ ವಿವೇಕವಲ್ಲ. ಭದ್ರಪಡಿಸಿದ ಬಾಗಿಲಿನ ಅಗುಳಿಯನ್ನು ನಾವೇ ತೆಗೆದಂತಾಗುತ್ತದೆ.

ತೆರಿಗೆ ಮತ್ತು ಕಾನೂನಿನ ದೃಷ್ಟಿ

ಮೌಲ್ಯವರ್ಧಿತ ತೆರಿಗೆಯ ಆರಂಭದ ದಿನಗಳಲ್ಲಿ ಲೆಕ್ಕ ಬರೆಯುವ ಯಂತ್ರ ಅಂತರಜಾಲಕ್ಕೆ ಸೇರಲೇಬೇಕೆಂಬ ನಿರ್ಬಂಧವಿರಲಿಲ್ಲ. ಅನಂತರ ಇ-ಸುಗಮ್, 2017ರಲ್ಲಿ ಜಿ.ಎಸ್‌.ಟಿ., 2018ರ ಏಪ್ರಿಲ್ 1ರಿಂದ ₹50,000 ಮೀರಿದ ಸರಕು ಸಾಗಣೆಗೆ ಇ-ವೇ ಬಿಲ್ ಹೀಗೆ ಒಂದೊಂದಾಗಿ ಬಂದು, ಯಂತ್ರ ಮತ್ತು ಅಂತರಜಾಲವನ್ನು ಬೇರ್ಪಡಿಸಲಾಗದಂತೆ ಮಾಡಿದವು. ಎಣ್ಣೆಯ ಡಬ್ಬಗಳನ್ನು ಪಾವಗಡದಿಂದ ಹಿಂದೂಪುರಕ್ಕೆ ಕಳುಹಿಸುವ ವರ್ತಕನ ಲಾರಿ ಹೊರಡಬೇಕಾದರೆ ಮೊದಲು ಬ್ರೌಸರ್ ತೆರೆಯಬೇಕು. ಗೂಗಲ್ ಕ್ರೋಮ್ ಎಕ್ಸ್‌ಪಿ ಮತ್ತು ವಿಸ್ತಾಗಳನ್ನು 2016ರಲ್ಲಿ, ವಿಂಡೋಸ್ 7 ಹಾಗೂ 8.1ನ್ನು 2023ರಲ್ಲಿ ಕೈಬಿಟ್ಟಿತು. ಎಕ್ಸ್‌ಪಿಯ ಸ್ವಂತ ಬ್ರೌಸರಿಗೆ ಇಂದಿನ ಸುರಕ್ಷಿತ ಸಂಪರ್ಕದ ಪದ್ಧತಿಯೇ ತಿಳಿಯದು. ಯಂತ್ರ ನಡೆಯುತ್ತಿದ್ದರೂ ಇಲಾಖೆಯ ಬಾಗಿಲು ಅದಕ್ಕೆ ತೆರೆಯುವುದಿಲ್ಲ.

ಲೆಕ್ಕ ಉಳಿಸಿಕೊಳ್ಳುವುದು ಕೇವಲ ಅನುಕೂಲದ ಮಾತಲ್ಲ, ಕಾನೂನಿನ ಹೊಣೆ. ಕೇಂದ್ರ ಜಿ.ಎಸ್‌.ಟಿ. ಅಧಿನಿಯಮದ 36ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2023-24ನೇ ಸಾಲಿನ ವಿವರಪತ್ರಕ್ಕೆ 2024ರ ಡಿಸೆಂಬರ್ 31 ಕಡೆಯ ದಿನವಾಗಿದ್ದುದರಿಂದ, ಆ ಸಾಲಿನ ಲೆಕ್ಕ 2030ರ ಡಿಸೆಂಬರ್ 31ರ ವರೆಗೆ ಇರಬೇಕು. ಮೇಲ್ಮನವಿಯೋ ತನಿಖೆಯೋ ಇದ್ದರೆ ಅವಧಿ ಇನ್ನೂ ಹೆಚ್ಚಬಹುದು. ಕಂಪನಿಗಳಿಗೆ ಕಂಪನಿ ಕಾಯಿದೆಯ ಪ್ರಕಾರ ಇದು 8 ಹಣಕಾಸು ವರ್ಷ. ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವವರು, ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ಅವು ನಾಶವಾದರೂ ಯುಕ್ತ ಕಾಲದಲ್ಲಿ ಮರಳಿ ಪಡೆಯುವಂತೆ ಪ್ರತಿ ಇಡಬೇಕೆಂದು ಜಿ.ಎಸ್‌.ಟಿ. ನಿಯಮಾವಳಿಯ 57ನೇ ನಿಯಮ ವಿಧಿಸುತ್ತದೆ. ಆದ್ದರಿಂದ ಯಂತ್ರ ಕೆಟ್ಟಿತು ಎಂಬ ಉತ್ತರವನ್ನು ನೆಚ್ಚಿ ಕುಳಿತಿರುವಂತಿಲ್ಲ.

ಸದಸ್ಯರಿಗೆ ಕೆಲವು ಸಲಹೆಗಳು

ಮೊದಲಿಗೆ ತಮ್ಮಲ್ಲಿರುವ ಆವೃತ್ತಿ ಯಾವುದೆಂದು ತಿಳಿಯಬೇಕು. ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯೊಡನೆ ಆರ್ ಕೀಲಿಯನ್ನು ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ‘ವಿನ್‌ವರ್’ ಎಂದು ಆಂಗ್ಲ ಅಕ್ಷರಗಳಲ್ಲಿ ಬೆರಳಚ್ಚಿಸಿದರೆ ಅದು ಕಾಣಿಸುತ್ತದೆ. ಬಳಿಕ ಯಂತ್ರಗಳನ್ನು ಅವುಗಳ ಕೆಲಸಕ್ಕೆ ಅನುಸಾರವಾಗಿ ವಿಂಗಡಿಸಬೇಕು.

1. ಹೊರಸಂಪರ್ಕ ಬೇಡದ ಯಂತ್ರ. ವೇಬ್ರಿಡ್ಜ್, ಲೇಬಲ್ ಮುದ್ರಣ, ಹಳೆಯ ವರ್ಷಗಳ ಲೆಕ್ಕದ ವೀಕ್ಷಣೆ ಇಂತಹ ಕೆಲಸಕ್ಕೆ 98 ಅಥವಾ ಎಕ್ಸ್‌ಪಿ ಯಂತ್ರ ಮುಂದುವರಿದರೆ ಬಾಧಕವಿಲ್ಲ. ಅದರ ಅಂತರಜಾಲದ ತಂತಿಯನ್ನು ತೆಗೆದಿಡಿ; ಹೊರಗಿನ ಪೆನ್ ಡ್ರೈವ್ ಹಾಕಗೊಡಬೇಡಿ.

2. ತೆರಿಗೆ ಮತ್ತು ಬ್ಯಾಂಕ್ ವ್ಯವಹಾರದ ಯಂತ್ರ. ಇದರಲ್ಲಿ ಬೆಂಬಲವಿರುವ ಆವೃತ್ತಿಯೇ ಇರಬೇಕು, ಅದರ ಮಾಸಿಕ ಪರಿಷ್ಕರಣೆ ನಡೆಯುತ್ತಿರಬೇಕು. ಇಲ್ಲಿ ಮಾಡುವ ಉಳಿತಾಯ ಉಳಿತಾಯವಲ್ಲ. ಒಂದೇ ಯಂತ್ರ ಕೊಳ್ಳುವ ಶಕ್ತಿಯಿದ್ದರೆ ಅದನ್ನು ಈ ಕೆಲಸಕ್ಕೆ ಮೀಸಲಿಡಿ.

3. ವಿಂಡೋಸ್ 10 ಯಂತ್ರ. ಅರ್ಹತೆಯಿದ್ದರೆ ವಿಂಡೋಸ್ 11ಕ್ಕೆ ಬಡ್ತಿ ಪಡೆಯಲು ಶುಲ್ಕವಿಲ್ಲ. ಅರ್ಹತೆಯಿಲ್ಲದಿದ್ದರೆ, ಸಂಸ್ಥೆಗಳು ಶುಲ್ಕ ತೆತ್ತು ಗರಿಷ್ಠ ಮೂರು ವರ್ಷ, ಅಂದರೆ 2028ರ ಅಕ್ಟೋಬರ್‌ವರೆಗೆ, ಭದ್ರತಾ ಪರಿಷ್ಕರಣೆ ಪಡೆಯುವ ಅವಕಾಶವನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಪ್ರತಿ ಯಂತ್ರಕ್ಕೆ ಮೊದಲ ವರ್ಷ 61 ಡಾಲರ್. ನಂತರ ವರ್ಷವರ್ಷವೂ ದ್ವಿಗುಣ. ಎರಡನೇ ವರ್ಷದಿಂದ ಸೇರಿದರೂ ಮೊದಲ ವರ್ಷದ ಶುಲ್ಕ ತಪ್ಪದು. ಮೂರೂ ವರ್ಷ ಸೇರಿದರೆ 427 ಡಾಲರ್ ಆಗುವುದರಿಂದ, ಮಧ್ಯೆಯೇ ಯಂತ್ರ ಬದಲಿಸುವುದು ಲಾಭಕರವೋ ಎಂದು ಲೆಕ್ಕ ಹಾಕಬೇಕು. ಪತ್ರ ಬರೆಯಲು, ಅಂತರಜಾಲ ನೋಡಲು ಮಾತ್ರ ಬಳಸುವ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಅಳವಡಿಸಿದರೂ ಆದೀತು. ಆದರೆ ಟ್ಯಾಲಿ ವಿಂಡೋಸ್‌ಗಾಗಿಯೇ ರಚಿತವಾದುದು ಎಂಬುದು ನೆನಪಿರಲಿ.

ಬದಲಾವಣೆ ಮಾಡುವಾಗ ಒಂದು ಕ್ರಮವನ್ನು ಅನುಸರಿಸುವುದು ಶ್ರೇಯಸ್ಕರ. ಹಳೆಯ ಯಂತ್ರದಲ್ಲಿ ಪ್ರತಿ ವರ್ಷದ ತಾಳೆಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ದತ್ತಾಂಶದ ಎರಡು ಪ್ರತಿ ತೆಗೆದು, ಒಂದನ್ನು ಅಂಗಡಿಯ ಹೊರಗೆ, ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇಡಿ. ಹೊಸ ಯಂತ್ರದಲ್ಲಿ ಆ ಪ್ರತಿಯಿಂದ ಲೆಕ್ಕ ತೆರೆದು, ಅಂತಿಮ ಶಿಲ್ಕು ಮುದ್ರಿತ ತಾಳೆಪಟ್ಟಿಗೆ ಪೈಸೆಯೂ ವ್ಯತ್ಯಾಸವಿಲ್ಲದೆ ಹೊಂದುವುದೇ ಎಂದು ಪರೀಕ್ಷಿಸಿ. ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುವ ಹೆಸರುಗಳನ್ನು ಆ ತಂತ್ರಾಂಶಗಳಲ್ಲಿರುವ ಪರಿವರ್ತಕದ ಮೂಲಕ ಯುನಿಕೋಡಿಗೆ ತನ್ನಿ. ಒಂದು ತಿಂಗಳು ಕಳೆದು ವಿವರಪತ್ರ ಸಲ್ಲಿಕೆ ಸುಗಮವಾಗಿ ಆದ ಮೇಲಷ್ಟೇ ಹಳೆಯದನ್ನು ಬಿಡಿ. ಅದನ್ನು ಗುಜರಿಗೆ ಹಾಕುವ ಮುನ್ನ ಡಿಸ್ಕನ್ನು ತೆಗೆದಿರಿಸಿಕೊಳ್ಳಿ. ಗಿರಾಕಿಗಳ ಬಾಕಿ, ತಮ್ಮ ಖರೀದಿಯ ದರ ಎಲ್ಲವೂ ಅದರಲ್ಲಿರುತ್ತವೆ.

ತಂತ್ರಾಂಶವನ್ನು ಅಧಿಕೃತ ಪರವಾನಗಿಯೊಡನೆ ಕೊಂಡು, ರಸೀದಿಯನ್ನು ಜೋಪಾನ ಮಾಡುವುದೂ ಅಷ್ಟೇ ಮುಖ್ಯ. ಯಂತ್ರ ಜೋಡಿಸಿಕೊಟ್ಟವರು ಉಚಿತವೆಂದು ಹಾಕಿಕೊಟ್ಟ ನಕಲು ಪ್ರತಿಯಲ್ಲಿ ಪರಿಷ್ಕರಣೆಯನ್ನೇ ನಿಲ್ಲಿಸಿರುವುದುಂಟು. ಅಂಥದು ಹೊಸ ಆವೃತ್ತಿಯಾದರೂ ಭದ್ರತೆಯ ಲೆಕ್ಕದಲ್ಲಿ ಹಳೆಯದೇ.

ಯಂತ್ರದ ಬೆಲೆಯನ್ನು ಮತ್ತೆ ಸಂಪಾದಿಸಬಹುದು. ಆರು ವರ್ಷಗಳ ಕಿರ್ದಿ ಖಾತೆಯನ್ನು ಮತ್ತೆ ಬರೆಯಲಾಗದು. ವರ್ತಕ ಬಾಂಧವರು ಮುಂದಿನ ವಾರ್ಷಿಕ ವಿವರಪತ್ರದ ಗಡುವಿಗೆ ಮುನ್ನವೇ ತಮ್ಮ ಯಂತ್ರಗಳನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಿಕೊಳ್ಳುವುದು ಉಚಿತ.